ನೀಲ್ ಐಲ್ಯಾಂಡ್ ಹಾಸ್ಟೆಲ್: ನಾಲ್ಕು ಸ್ಟಾರ್ ಖುಷಿಯಾಗಿ ಕೊಡ್ತೀನಿ, ಐದನೇದು ಬೋಟ್ ಕ್ಯಾನ್ಸಲ್ ವಿಷಯದಲ್ಲಿ ಹೋಯ್ತು

ಅಂಡಮಾನಿಗೆ ಹೋಗೋರಲ್ಲಿ ತುಂಬಾ ಜನ ನೀಲ್ ಐಲ್ಯಾಂಡನ್ನ ಬೆಳಿಗ್ಗೆ ಬಂದು ಸಂಜೆ ವಾಪಸ್ ಹೋಗೋ ಜಾಗ ಅಂತ ಪ್ಲಾನ್ ಮಾಡ್ತಾರೆ, ಪ್ಯಾಕೇಜಿನವರೂ ಹಾಗೇ ಮಾಡಿಕೊಡ್ತಾರೆ. ನಾನೂ ನನ್ನ ತಂಗೀನೂ ಡಿಸೆಂಬರಲ್ಲಿ ಹೋದಾಗ ಅಲ್ಲೇ ಒಂದು ಹಾಸ್ಟೆಲಲ್ಲಿ ಉಳ್ಕೊಂಡ್ವಿ, ಲೇಡೀಸ್ ಡಾರ್ಮಲ್ಲಿ. ಉಳ್ಕೊಂಡಿದ್ದಕ್ಕೇ ಆ ದ್ವೀಪ ನಮಗೆ ಸಿಕ್ಕಿದ್ದು ಅಂತ ಧಾರಾಳವಾಗಿ ಹೇಳ್ತೀನಿ. ಹಾಸ್ಟೆಲ್ ಹೆಸರು ಮಾತ್ರ ಹಾಕಲ್ಲ, ಒಂದು ದೂರು ಇದೆ, ಅದನ್ನ ಅವರಿಗೇ ನೇರವಾಗಿ ಬರೆದು ಕಳ್ಸಿದೀನಿ, ಮತ್ತೆ ಕೆಳಗೆ ಬರ್ದಿರೋದ್ರಲ್ಲಿ ಮುಕ್ಕಾಲು ಪಾಲು ಆ ದ್ವೀಪದ ಯಾವ ಹಾಸ್ಟೆಲ್ ಬುಕ್ ಮಾಡಿದ್ರೂ ಉಪಯೋಗಕ್ಕೆ ಬರೋ ವಿಷಯಾನೇ.

ಮೊದ್ಲು ಜಾಗದ ಬಗ್ಗೆ ಸ್ವಲ್ಪ. 2018ರ ಡಿಸೆಂಬರಲ್ಲಿ ನೀಲ್‌ಗೆ ಶಹೀದ್ ದ್ವೀಪ ಅಂತ, ಪಕ್ಕದ ಹ್ಯಾವ್ಲಾಕ್ ದ್ವೀಪಕ್ಕೆ ಸ್ವರಾಜ್ ದ್ವೀಪ ಅಂತ ಹೆಸರಿಟ್ರು, 2024ರ ಸೆಪ್ಟೆಂಬರಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ ಆಯ್ತು. ಬುಕಿಂಗ್ ಮಾಡುವಾಗ ಕೆಲವು ಕಡೆ ಹೊಸ ಹೆಸರು ಕೆಲವು ಕಡೆ ಹಳೇ ಹೆಸರು ಇರತ್ತೆ, ಎರಡೂ ಗೊತ್ತಿರಲಿ. ಶ್ರೀ ವಿಜಯಪುರದಿಂದ ಸುಮಾರು 37 ಕಿಲೋಮೀಟರ್ ಸಮುದ್ರದಲ್ಲಿ, 2011ರ ಜನಗಣತಿ ಪ್ರಕಾರ ಮೂರು ಸಾವಿರ ಚಿಲ್ಲರೆ ಜನ, ಊರುಗಳ ಹೆಸರೆಲ್ಲ ರಾಮಾಯಣದ್ದು, ಸೀತಾಪುರ, ಭರತ್‌ಪುರ, ಲಕ್ಷ್ಮಣ್‌ಪುರ, ರಾಮ್‌ನಗರ, ಮಧ್ಯದಲ್ಲಿ ನೀಲ್ ಕೇಂದ್ರ ಅಂತ ಬಜಾರು. ಇಲ್ಲಿರೋರು ಹೆಚ್ಚಾಗಿ ಪೂರ್ವ ಪಾಕಿಸ್ತಾನದಿಂದ ಬಂದು 1960ರ ದಶಕದಲ್ಲಿ ಸರ್ಕಾರ ನೆಲೆ ಮಾಡಿಕೊಟ್ಟ ಬಂಗಾಳಿ ಕುಟುಂಬಗಳವರು. ತರಕಾರಿ ಬೆಳೆಯೋದ್ರಲ್ಲಿ ಈ ದ್ವೀಪ ಅಂಡಮಾನಿಗೆಲ್ಲ ಹೆಸರುವಾಸಿ, ಇಲ್ಲಿಂದ ಬೋಟಲ್ಲಿ ತರಕಾರಿ ಹೊರಗಡೆ ಹೋಗತ್ತೆ, ಅದ್ರ ರುಚಿ ಹಾಸ್ಟೆಲ್ ಊಟದಲ್ಲಿ ಗೊತ್ತಾಗತ್ತೆ, ಅದಕ್ಕೆ ಆಮೇಲೆ ಬರ್ತೀನಿ.

ಹಾಸ್ಟೆಲ್ ಇರೋದು ಜೆಟ್ಟಿಯಿಂದ ನಡ್ಕೊಂಡು ಹೋಗೋ ದೂರದಲ್ಲೇ, ಮೇನ್ ರೋಡಿಂದ ಸ್ವಲ್ಪ ಒಳಗೆ ಅಡಿಕೆ ಮರ ತೆಂಗಿನ ಮರಗಳ ಮಧ್ಯೆ, ಅಡಿಕೆ ತೋಟ ನೋಡಿದ ತಕ್ಷಣ ನಮ್ಮ ತಂಗಿಗೆ ಊರಿಗೇ ಬಂದಂಗೆ ಆಗೋಯ್ತು. ಕೆಳಗೆ ಒಂದು ದೊಡ್ಡ ಕಟ್ಟೆ ತರ ಓಪನ್ ಹಾಲು, ತಗಡಿನ ಚಾವಣಿ, ಅದ್ರ ಪಕ್ಕ ಅಡುಗೆಮನೆ, ಹಿಂದೆ ಡಾರ್ಮ್‌ಗಳು. ಲೇಡೀಸ್ ಡಾರ್ಮಲ್ಲಿ ಆರು ಬೆಡ್, ಮರದ ಬಂಕು, ಪ್ರತಿ ಬೆಡ್‌ಗೂ ಪರದೆ, ಒಂದು ಚಿಕ್ಕ ಲೈಟು, ಒಂದು ಪ್ಲಗ್ಗು. ಬಂಕ್ ಅಲ್ಲಾಡಲ್ಲ, ಇದನ್ನ ನಾನು ಮೊದಲು ನೋಡೋದು, ಯಾಕಂದ್ರೆ ಮೇಲಿನವರು ಮಗ್ಗುಲು ಬದಲಾಯಿಸಿದಾಗೆಲ್ಲ ಕೆಳಗಿನವರು ಏಳೋ ಹಾಸ್ಟೆಲ್‌ಗಳಲ್ಲಿ ಮಲಗಿ ಸಾಕಾಗಿದೆ. ಬೆಡ್‌ಶೀಟು ಶುಭ್ರವಾಗಿತ್ತು. ಆದ್ರೆ ಮೇಲಕ್ಕೆ ಹತ್ತೋ ಏಣಿಗೆ ಗುಂಡಗಿನ ಕಬ್ಬಿಣದ ಸರಳು ಹಾಕ್ಬಿಟ್ಟಿದಾರೆ, ಬರೀ ಕಾಲಲ್ಲಿ ಹತ್ತಿದ್ರೆ ಅಂಗಾಲು ನೋಯತ್ತೆ, ದಿನವೆಲ್ಲ ಕಲ್ಲು ಹವಳದ ಮೇಲೆ ಓಡಾಡಿ ಬಂದ ಕಾಲಿಗೆ ಇನ್ನೂ ಕಷ್ಟ. ಲಾಕರ್ ಚಿಕ್ಕದು, ಪರ್ಸು ಫೋನು ಕ್ಯಾಮೆರಾ ಹಿಡಿಯತ್ತೆ, ಬ್ಯಾಕ್‌ಪ್ಯಾಕ್ ಹಿಡಿಯಲ್ಲ, ಬೀಗ ನೀವೇ ತಗೊಂಡು ಹೋಗ್ಬೇಕು. ಸೊಳ್ಳೆಪರದೆ ಇಲ್ಲ, ಕಿಟಕಿಗೆ ಜಾಲರಿ ಇದೆ, ರಾತ್ರಿ ಫ್ಯಾನ್ ಓಡ್ತಿದ್ರೆ ತೊಂದ್ರೆ ಇಲ್ಲ.

ಬೆಡ್ ಒಂದಕ್ಕೆ ಸೀಸನ್ನಲ್ಲೂ ಸಾವಿರದ ಒಳಗೇ ಆಯ್ತು, ಅದೇ ರಸ್ತೇಲಿ ರೆಸಾರ್ಟ್ ರೂಮಿಗೆ ಇದರ ಎಷ್ಟೋ ಪಟ್ಟು.

ನೀರಿನ ವಿಷಯ ಸ್ವಲ್ಪ ವಿವರವಾಗಿ ಬರೀಬೇಕು, ಯಾಕಂದ್ರೆ ಬೇರೆ ರಿವ್ಯೂಗಳಲ್ಲಿ ಜನ "ಶವರ್ ಇಲ್ಲ, ಬಕೆಟ್ ಕೊಡ್ತಾರೆ, ಒಂದು ಸ್ಟಾರ್" ಅಂತ ಬರೆದಿದ್ದು ಓದಿ ನಂಗೆ ನಿಜಕ್ಕೂ ಬೇಜಾರಾಯ್ತು. ಹೌದು, ಬಕೆಟ್ಟೇ ಕೊಡೋದು. ಸಮುದ್ರದಿಂದ ಬಂದ್ರೆ ಗೇಟಿನ ಹತ್ರ ಇರೋ ನಲ್ಲೀಲಿ ಮೊದ್ಲು ಮರಳು ತೊಳ್ಕೊಂಡು ಒಳಗೆ ಬರ್ಬೇಕು, ಬಟ್ಟೆ ಒಗೆಯೋದಕ್ಕೆ ದಿನಕ್ಕೆ ಇಷ್ಟು ಹೊತ್ತು ಅಂತ ಇದೆ. ಕಾರಣ ಏನಂದ್ರೆ ಇಷ್ಟು ಚಿಕ್ಕ ದ್ವೀಪದಲ್ಲಿ ಹೊಳೆ ಕೆರೆ ಅಂತ ದೊಡ್ಡದು ಯಾವುದೂ ಇಲ್ಲ, ಮಳೆ ನೀರು ಮಣ್ಣಲ್ಲಿ ಇಂಗಿ, ಕೆಳಗೆ ಹಬ್ಬಿರೋ ಸಮುದ್ರದ ಉಪ್ಪುನೀರಿನ ಮೇಲೆ ಹಾಲಿನ ಕೆನೆ ಕಟ್ಟಿದ ಹಾಗೆ ಸಿಹಿನೀರು ತೇಲ್ತಾ ನಿಂತಿರತ್ತೆ, ಸಿಹಿನೀರು ಹಗುರ ಅಲ್ವಾ ಅದಕ್ಕೆ. ಸಮುದ್ರ ಮಟ್ಟಕ್ಕಿಂತ ಮೇಲೆ ಒಂದು ಮೀಟರ್ ಸಿಹಿನೀರು ಇದ್ರೆ ಕೆಳಗೆ ಹೆಚ್ಚುಕಮ್ಮಿ 40 ಮೀಟರ್ ಇರತ್ತೆ ಅನ್ನೋದು ಲೆಕ್ಕ, ಅಂದ್ರೆ ಬಾವಿಯಿಂದ ಜಾಸ್ತಿ ಎತ್ತಿ ಮೇಲಿನ ಮಟ್ಟ ಒಂದು ಗೇಣು ಇಳಿಸಿದ್ರೂ ಕೆಳಗಿಂದ ಉಪ್ಪುನೀರು ಅದರ ನಲವತ್ತು ಪಟ್ಟು ಮೇಲಕ್ಕೆ ಏರೋಕೆ ಶುರು ಮಾಡತ್ತೆ. ಅಂಡಮಾನಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಹತ್ತಿರ ಮಳೆ, ಆದ್ರೆ ಜನವರಿಯಿಂದ ಏಪ್ರಿಲ್‌ವರೆಗೆ ಮಳೆ ತುಂಬಾ ಕಡಿಮೆ, ಟೂರಿಸ್ಟ್ ಸೀಸನ್ನೂ ಸುಮಾರಾಗಿ ಅದೇ ಸಮಯ. ಬಾವಿ ಒಂದ್ಸಲ ಉಪ್ಪಾದ್ರೆ ನಾವು ಬೋಟ್ ಹತ್ತಿ ಬಂದುಬಿಡ್ತೀವಿ, ತರಕಾರಿ ಬೆಳೆಯೋರು ಅಲ್ಲೇ ಇರ್ಬೇಕು. ಈ ಹಾಸ್ಟೆಲಿನವರು ಚಾವಣಿ ನೀರನ್ನ ಪೈಪಲ್ಲಿ ಇಳಿಸಿ ಸಿಂಟೆಕ್ಸ್ ಟ್ಯಾಂಕಿಗೆ ತುಂಬಿಸ್ಕೊಳ್ತಾರೆ, ಟಾಯ್ಲೆಟ್‌ಗೆ ಆ ನೀರು, ಸ್ನಾನಕ್ಕೆ ಬಾವಿ ನೀರು, ಕುಡಿಯೋದಕ್ಕೆ ಫಿಲ್ಟರ್ ಇಟ್ಟಿದಾರೆ, ಬಾಟ್ಲಿ ತುಂಬಿಸ್ಕೊಳ್ಳೋದಕ್ಕೆ ಕಾಸಿಲ್ಲ. ನಂಗಂತೂ ಇಲ್ಲೇ ಗೌರವ ಬಂತು. ಶವರ್ ಹಾಕ್ಸೋದು ಅವರಿಗೇನು ದೊಡ್ಡ ಖರ್ಚಲ್ಲ, ಬೇಕಂತಲೇ ಹಾಕ್ಸಿಲ್ಲ.

ಕರೆಂಟೂ ಹಾಗೇ. ಅಂಡಮಾನಿಗೆ ನಮ್ಮ ಕಡೆಯಿಂದ ಲೈನ್ ಇಲ್ಲ, ದ್ವೀಪ ದ್ವೀಪಕ್ಕೂ ಬೇರೆ ಬೇರೆ ಪವರ್ ಹೌಸ್, ಬಹುಪಾಲು ಡೀಸೆಲ್ ಜನರೇಟರ್, ಆ ಡೀಸೆಲ್ಲೂ ಹಡಗಲ್ಲೇ ಬರ್ಬೇಕು. ನಾವಿದ್ದಾಗ ಹಗಲು ಹೊತ್ತು ಆಗಾಗ ಹೋಗ್ತಿತ್ತು, ರಾತ್ರಿ ಒಂದೆರಡು ಸಲ ಹೋಯ್ತು, ಇನ್ವರ್ಟರಲ್ಲಿ ಫ್ಯಾನೂ ಲೈಟೂ ಓಡ್ತಾವೆ ಎಸಿ ಓಡಲ್ಲ. ಎಸಿ ಡಾರ್ಮ್ ಅಂತ ಜಾಸ್ತಿ ಕೊಟ್ಟು ತಗೊಳ್ಳೋ ಅವಶ್ಯಕತೆ ಡಿಸೆಂಬರಲ್ಲಂತೂ ಇಲ್ಲ.

ಇಂಟರ್ನೆಟ್ ನಂಬ್ಕೊಂಡು ವರ್ಕ್ ಫ್ರಮ್ ಹೋಮ್ ಮಾಡ್ತೀನಿ ಅಂತ ಹೊರಡೋರು ಸ್ವಲ್ಪ ನಿಲ್ಲಿ. 2020ರ ಆಗಸ್ಟ್ 10ರಂದು ಉದ್ಘಾಟನೆ ಆದ ಚೆನ್ನೈ ಅಂಡಮಾನ್ ಸಮುದ್ರದಡಿ ಕೇಬಲ್ಲು, ಸುಮಾರು 2,300 ಕಿಲೋಮೀಟರ್, ಪೋರ್ಟ್ ಬ್ಲೇರ್ ಜೊತೆ ಹ್ಯಾವ್ಲಾಕ್, ರಂಗತ್, ಲಾಂಗ್ ಐಲ್ಯಾಂಡ್, ಕಾರ್ ನಿಕೋಬಾರ್ ಹೀಗೆ ಏಳು ದ್ವೀಪಗಳಿಗೆ ಹೋಯ್ತು, ಆ ಪಟ್ಟೀಲಿ ನೀಲ್ ಇರಲಿಲ್ಲ. ಹಾಸ್ಟೆಲ್ ವೈಫೈ ವಾಟ್ಸಾಪ್ ಮೆಸೇಜಿಗೆ ಸಾಕು, ವಿಡಿಯೋ ಕಾಲ್ ನಿಂತು ನಿಂತು ಹೋಗತ್ತೆ. ಯುಪಿಐ ಕೂಡ ನೆಟ್‌ವರ್ಕ್ ಇದ್ದಾಗ ನಡೆಯತ್ತೆ ಇಲ್ಲದಾಗ ಇಲ್ಲ, ನೋಟು ಇಟ್ಕೊಂಡೇ ಬೋಟ್ ಹತ್ತಿ.

ಈಗ ಈ ಹಾಸ್ಟೆಲಿನ ನಿಜವಾದ ಆಸ್ತಿ ಯಾವುದು ಅಂತ ಹೇಳ್ತೀನಿ. ಅಡುಗೆಮನೆ ಗೋಡೆಗೆ ಒಂದು ಕರಿಹಲಗೆ ಇದೆ, ಸ್ಕೂಲಲ್ಲಿ ಇರತ್ತಲ್ಲ ಅಂಥದ್ದೇ. ಹಾಸ್ಟೆಲ್ ನೋಡ್ಕೊಳ್ಳೋರನ್ನ ಎಲ್ಲರೂ ದಾದಾ ಅಂತ ಕರೀತಾರೆ, ಬಂಗಾಳೀಲಿ ಅಣ್ಣ ಅಂತ, ಅದೇ ದ್ವೀಪದಲ್ಲಿ ಹುಟ್ಟಿ ಬೆಳೆದೋರು, ಅವರು ದಿನಾ ರಾತ್ರಿ ಊಟ ಆದ್ಮೇಲೆ ಒದ್ದೆ ಬಟ್ಟೆ ತಗೊಂಡು ಹಲಗೆ ಒರೆಸಿ ನಾಳೆಯ ಲೋ ಟೈಡ್ ಎಷ್ಟು ಗಂಟೆಗೆ, ಹೈ ಟೈಡ್ ಎಷ್ಟು ಗಂಟೆಗೆ, ಯಾವ ಬೋಟ್ ಹೊರಡತ್ತೆ ಯಾವುದು ಡೌಟು, ಸೂರ್ಯ ಹುಟ್ಟೋದು ಮುಳುಗೋದು ಎಷ್ಟೊತ್ತಿಗೆ, ಎಲ್ಲ ಬಳಪದಲ್ಲಿ ಬರೀತಾರೆ. ಬರೆದು ಸುಮ್ನಾಗಲ್ಲ, ಅಲ್ಲೇ ಕೂತಿರೋರಿಗೆಲ್ಲ ನೀವು ನಾಳೆ ಏನು ಮಾಡ್ತೀರಿ ಅಂತ ಕೇಳ್ತಾರೆ, ನಾವು ಭರತ್‌ಪುರದಲ್ಲಿ ಸ್ನಾರ್ಕ್ಲಿಂಗ್ (ಮಾಸ್ಕ್ ಹಾಕ್ಕೊಂಡು ನೀರಿನ ಮೇಲೆ ತೇಲ್ತಾ ಕೆಳಗಿನ ಹವಳ ನೋಡೋದು) ಅಂದ್ರೆ ಹಲಗೆ ಕಡೆ ಒಂದ್ಸಲ ನೋಡಿ, "ಬೆಳಿಗ್ಗೆ ಬೇಡ ದೀದಿ, ನೀರು ಇಳಿದಿರತ್ತೆ, ಹವಳದ ಮೇಲೆ ಕಾಲು ಬೀಳತ್ತೆ, ನಿಮಗೂ ಏಟು ಅದಕ್ಕೂ ಏಟು, ಹತ್ತೂವರೆ ಮೇಲೆ ಹೋಗಿ" ಅಂತಾರೆ.

ಇದು ಎಷ್ಟು ದೊಡ್ಡ ಉಪಕಾರ ಅಂತ ಅಲ್ಲಿ ಹೋದ್ಮೇಲೇ ಗೊತ್ತಾಗೋದು. ನೀಲಲ್ಲಿ ಏನೇ ನೋಡ್ಬೇಕಂದ್ರೂ ಅದು ಗಡಿಯಾರದ ಮೇಲಲ್ಲ, ಉಬ್ಬರ ಇಳಿತದ ಮೇಲೆ ನಿಂತಿರತ್ತೆ. ದಿನಕ್ಕೆ ಎರಡು ಸಲ ಏರತ್ತೆ ಎರಡು ಸಲ ಇಳಿಯತ್ತೆ, ಪ್ರತಿ ದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗ್ತಾ ಇರತ್ತೆ, ಹುಣ್ಣಿಮೆ ಅಮಾವಾಸ್ಯೆ ಹತ್ರ ಬಂದ್ರೆ ಏರೋದೂ ಜಾಸ್ತಿ ಇಳಿಯೋದೂ ಜಾಸ್ತಿ. ಲಕ್ಷ್ಮಣ್‌ಪುರದ ಎರಡನೇ ಬೀಚಲ್ಲಿರೋ ಕಲ್ಲಿನ ಸೇತುವೆ, ಎಲ್ಲರೂ ಫೋಟೋ ಹಾಕ್ತಾರಲ್ಲ ನ್ಯಾಚುರಲ್ ಬ್ರಿಡ್ಜ್ ಅಂತ, ಅಲ್ಲಿಗೆ ನೀರು ಇಳಿದಾಗ್ಲೇ ನೆಟ್ಟಗೆ ನಡ್ಕೊಂಡು ಹೋಗೋಕಾಗೋದು. ಪ್ಯಾಕೇಜಲ್ಲಿ ಬರೋರನ್ನ ಬೋಟ್ ಟೈಮಿಗೆ ಸರಿಯಾಗಿ ಕರ್ಕೊಂಡು ಹೋಗ್ತಾರೆ, ನೀರು ಏರಿದ್ರೆ ದೂರದಿಂದ ನೋಡಿ ವಾಪಸ್. ನಮಗೆ ದಾದಾ ಬೆಳಿಗ್ಗೆ ಬೆಳಕು ಹರಿಯೋ ಹೊತ್ತಿಗೇ ಸೈಕಲ್ ಕೊಟ್ಟು ಕಳಿಸಿದ್ರು, ಅಲ್ಲಿ ಹೋದ್ರೆ ನಮ್ಮನ್ನ ಬಿಟ್ಟು ಒಬ್ಬರು ಮೀನು ಹಿಡಿಯೋರು ಅಷ್ಟೇ.

ಸೇತುವೆಗಿಂತ ನಂಗೆ ಅದರ ಮುಂದಿರೋ ಬಯಲೇ ಇಷ್ಟ ಆಯ್ತು. ನೀರು ಇಳಿದಾಗ ಹಳೇ ಹವಳದ ಕಲ್ಲುಗಳ ಮಧ್ಯೆ ಗುಂಡಿ ಗುಂಡಿಯಾಗಿ ನೀರು ಉಳಿದಿರತ್ತೆ, ಒಂದೊಂದರಲ್ಲೂ ಏನಾದ್ರೂ ಇರತ್ತೆ, ಸೌತೆಕಾಯಿ ಆಕಾರದ ಕರೀ ಸಮುದ್ರ ಜೀವಿಗಳು, ಸೀ ಕುಕುಂಬರ್ ಅಂತಾರೆ, ಮಲಗಿರ್ತಾವೆ, ಬೆರಳುದ್ದದ ಮೀನುಗಳು ನೆರಳು ಕಂಡ್ರೆ ಸಂದಿಗೆ ಓಡ್ತಾವೆ. ಒಂದು ಗುಂಡೀಲಿ ಕಲ್ಲಿನೊಳಗೇ ಹುದುಗಿಕೊಂಡಿದ್ದ ದೊಡ್ಡ ಚಿಪ್ಪು, ಜೈಂಟ್ ಕ್ಲ್ಯಾಮ್ ಜಾತೀದು, ಬಾಯಿ ತೆರ್ಕೊಂಡಿತ್ತು, ಅಂಚಿನುದ್ದಕ್ಕೂ ನೀಲಿ ಹಸಿರು ಮಿಂಚೋ ಮಾಂಸ ಅಲೆಅಲೆಯಾಗಿ. ತಂಗಿ ಬಗ್ಗಿದ್ಲು, ಅವಳ ನೆರಳು ಬಿದ್ದಿದ್ದೇ ತಡ ಅಂಚು ಒಳಗೆ ಎಳ್ಕೊಂಡು ಚಿಪ್ಪು ಅರ್ಧ ಮುಚ್ಕೊಳ್ತು. "ಅಕ್ಕಾ, ಮುಟ್ಟೂ ಇಲ್ಲ ಕಣೇ ನಾನು!" ಅಂತ ಕೂಗಿದ್ಲು. ಆ ಜೀವಿಗೆ ಅಂಚಿನಲ್ಲಿ ಚಿಕ್ಕ ಚಿಕ್ಕ ಕಣ್ಣುಗಳಿವೆ, ಬೆಳಕು ಕಡಿಮೆಯಾದ್ರೆ ಗೊತ್ತಾಗತ್ತೆ. ನಾವು ಹಿಂದೆ ಸರಿದು ಅಲ್ಲೇ ಕುಕ್ಕರುಗಾಲಲ್ಲಿ ಕೂತ್ವಿ, ಸ್ವಲ್ಪ ಹೊತ್ತಿಗೆ ಮತ್ತೆ ನಿಧಾನಕ್ಕೆ ತೆರೀತು. ದಾದಾ ಹೊರಡುವಾಗ ಹೇಳಿದ್ದ ಒಂದು ಮಾತು ಎಲ್ಲರಿಗೂ ಹೇಳ್ತೀನಿ, ನಡೀತಾ ನಡೀತಾ ನೀರು ಪಾದದ ಗಂಟು ಮುಟ್ಟಿದ್ರೆ ಫೋಟೋ ಬಾಕಿ ಇದ್ರೂ ವಾಪಸ್ ಹೊರಡ್ಬೇಕು, ಏರೋ ನೀರು ದಡದ ಕಡೆ ಇರೋ ತಗ್ಗುಗಳನ್ನ ಮೊದ್ಲು ತುಂಬತ್ತೆ. ಮತ್ತೆ ಅಲ್ಲಿಗೆ ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರೋ ಸ್ಯಾಂಡಲ್ ಹಾಕ್ಕೊಳ್ಳಿ, ಕಲ್ಲು ಪಾಚಿ ಕಟ್ಟಿ ಜಾರತ್ತೆ.

ಹಾಸ್ಟೆಲ್ ಗೇಟಿನ ಹತ್ರ ಒಂದು ಬುಟ್ಟಿ ಇಟ್ಟಿದಾರೆ, ಬೀಚಿಂದ ಆಯ್ದ ಚಿಪ್ಪು ಹವಳದ ತುಂಡು ಏನಿದ್ರೂ ಅದರೊಳಗೆ ಹಾಕಿ ಅಂತ, ಸಂಜೆ ದಾದಾ ಮಗ ಅದನ್ನ ವಾಪಸ್ ಬೀಚಿಗೆ ಸುರಿದು ಬರ್ತಾನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೆಳಗೆ ಹವಳಕ್ಕೆ ರಕ್ಷಣೆ ಇದೆ, ಬ್ಯಾಗಲ್ಲಿ ಇಟ್ಕೊಂಡ್ರೆ ಏರ್‌ಪೋರ್ಟಲ್ಲಿ ಹಿಡೀತಾರೆ ಅನ್ನೋದು ಒಂದು, ಅದಕ್ಕಿಂತ ಹೆಚ್ಚಾಗಿ ಅಲ್ಲಿ ಓಡಾಡೋ ಸನ್ಯಾಸಿ ಏಡಿಗಳಿಗೆ ಸ್ವಂತ ಚಿಪ್ಪಿಲ್ಲ, ಸತ್ತ ಶಂಖ ಹುಡುಕಿ ಅದರೊಳಗೆ ಸೇರ್ಕೊಂಡು ಬದುಕ್ತಾವೆ, ಬೆಳೀತಾ ಬೆಳೀತಾ ದೊಡ್ಡದು ಬೇಕಾಗತ್ತೆ. ನಾವು ಚಂದ ಅಂತ ಎತ್ಕೊಂಡು ಬರೋದು ಅವುಗಳ ಮುಂದಿನ ಮನೇನ. ಭಾಷಣ ಮಾಡ್ದೆ ಬೋರ್ಡ್ ಹಾಕಿ ಬೆದರಿಸ್ದೆ ಒಂದು ಬುಟ್ಟಿ ಇಟ್ಟು ಇಷ್ಟನ್ನ ಸಾಧಿಸಿದಾರೆ, ಮಕ್ಕಳು ಕೂಡ ಹಾಕ್ತಾರೆ.

ಊಟ. ಅಡುಗೆ ಮಾಡೋದು ದಾದಾ ಮನೆಯವರೇ, ಹಿಂದಿನ ದಿನ ರಾತ್ರಿನೇ ಹೇಳ್ಬೇಕು, ಮೆನು ಅಂತಿಲ್ಲ. ಅನ್ನ, ಬೇಳೆ, ಒಂದು ಪಲ್ಯ, ಮೀನು ತಿನ್ನೋರಿಗೆ ಸಾಸಿವೆ ಅರೆದು ಹಾಕಿದ ಮೀನಿನ ಸಾರು. ನಾನು ವೆಜ್, ನಂಗೆ ಅವತ್ತು ಕಿತ್ತ ಬದನೆಕಾಯಿ ದಪ್ಪ ಬಿಲ್ಲೆ ಮಾಡಿ ಎಣ್ಣೇಲಿ ಹುರಿದು ಕೊಟ್ರು, ಇನ್ನೊಂದಿನ ಕುಂಬಳ ಸೊಪ್ಪಿನ ಪಲ್ಯ, ಸಾಸಿವೆ ಎಣ್ಣೆ ವಾಸನೆ ಮೊದಲ ತುತ್ತಿಗೆ ಗಂಟಲಿಗೆ ಹಿಡೀತು, ಎರಡನೇ ದಿನಕ್ಕೆ ಅದೇ ಬೇಕು ಅನ್ನಿಸ್ತು. ಮೊಸರು ಕೇಳ್ಬೇಡಿ, ಸಿಗೋದು ಕಷ್ಟ, ಮೊಸರನ್ನ ಇಲ್ಲದೆ ಊಟ ಮುಗಿಯಲ್ಲ ಅನ್ನೋರು ಮನಸ್ಸು ಗಟ್ಟಿ ಮಾಡ್ಕೊಂಡು ಹೋಗಿ. ಬೆಳಿಗ್ಗೆ ಪೂರಿ ಆಲೂ. ರಾತ್ರಿ ಎಂಟೂವರೆಗೆ ಅಡುಗೆಮನೆ ಬಂದ್, ಇದು ಬೇಗ ಅನ್ಸತ್ತೆ, ಆದ್ರೆ ಅಲ್ಲಿ ಸೂರ್ಯ ಮುಳುಗೋದೇ ಡಿಸೆಂಬರಲ್ಲಿ ಸಂಜೆ ಐದಕ್ಕೆ. ಗಡಿಯಾರ ಇಡೀ ದೇಶಕ್ಕೆ ಒಂದೇ, ಅಂಡಮಾನು ಮಾತ್ರ ಆ ಗಡಿಯಾರ ನಿಂತಿರೋ ರೇಖಾಂಶಕ್ಕಿಂತ ಹತ್ತು ಡಿಗ್ರಿ ಪೂರ್ವಕ್ಕಿದೆ, ಒಂದು ಡಿಗ್ರಿಗೆ ನಾಲ್ಕು ನಿಮಿಷದ ಹಾಗೆ ನಲವತ್ತು ನಿಮಿಷ ಮುಂಚೇನೇ ಎಲ್ಲ ಆಗೋಗತ್ತೆ. ಹಾಗಾಗಿ ಮಧ್ಯಾಹ್ನ ಊಟ ಮಾಡಿ ಒಂದು ನಿದ್ದೆ ತೆಗೆದು ಆಮೇಲೆ ಬೀಚಿಗೆ ಹೋಗೋಣ ಅಂದ್ರೆ ಕತ್ತಲೆ. ಬೆಳಿಗ್ಗೆ ಐದಕ್ಕೆ ಏಳೋ ಅಭ್ಯಾಸ ಮಾಡ್ಕೊಂಡ್ರೆ ಸೀತಾಪುರದ ಸೂರ್ಯೋದಯದಿಂದ ಹಿಡಿದು ಇಡೀ ದಿನ ನಿಮ್ದು.

ಹೆಣ್ಣುಮಕ್ಕಳ ಕಣ್ಣಲ್ಲಿ ಹೇಳೋದಾದ್ರೆ ಈ ಹಾಸ್ಟೆಲಿಗೆ ಪೂರ್ತಿ ಮಾರ್ಕ್ಸ್. ಲೇಡೀಸ್ ಡಾರ್ಮಿಗೆ ಒಳಗಿಂದ ಗಟ್ಟಿ ಚಿಲಕ, ಬಾತ್‌ರೂಮ್ ಡಾರ್ಮಿಗೆ ಅಂಟ್ಕೊಂಡೇ ಇದೆ, ರಾತ್ರಿ ಅದಕ್ಕಂತ ಹೊರಗೆ ಬರೋ ಅವಶ್ಯಕತೆ ಇಲ್ಲ. ರಸ್ತೇಲಿ ಬೀದಿದೀಪ ಎಲ್ಲ ಕಡೆ ಇಲ್ಲ, ಐದೂವರೆ ಆದ್ಮೇಲೆ ಗಾಢ ಕತ್ತಲೆ, ಅದಕ್ಕೆ ಹೊರಗೆ ಹೋಗೋರಿಗೆಲ್ಲ ಒಂದು ಟಾರ್ಚ್ ಕೊಟ್ಟು ಕಳಿಸ್ತಾರೆ. ಒಂದು ಸಂಜೆ ಲಕ್ಷ್ಮಣ್‌ಪುರದಲ್ಲಿ ಸೂರ್ಯಾಸ್ತ ನೋಡಿ ನಾವು ಬರೋದು ತಡ ಆಗಿದ್ದಕ್ಕೆ ದಾದಾ ಸೈಕಲ್ ಹೊಡ್ಕೊಂಡು ಅರ್ಧ ದಾರಿ ಬಂದಿದ್ರು, ಬೈಲಿಲ್ಲ ಏನಿಲ್ಲ, "ಸೈಕಲ್ ಚೈನ್ ಏನಾದ್ರೂ ಬಿತ್ತೇನೋ ಅಂತ ಬಂದೆ" ಅಂದ್ರು. ಮೂರ್ನಾಲ್ಕು ಹುಡುಗಿಯರು ಒಬ್ಬೊಬ್ಬರೇ ಬಂದಿದ್ರು, ಅವರೆಲ್ಲ ಇದೇ ಮಾತು ಹೇಳಿದ್ದು, ಇಲ್ಲಿ ಯಾರೂ ಒಬ್ಬಳೇ ಯಾಕೆ ಬಂದೆ ಅಂತ ಕೇಳಲ್ಲ ಅಂತ.

ಇನ್ನು ದೂರು. ನಾವು ಹ್ಯಾವ್ಲಾಕಿಂದ ನೀಲ್‌ಗೆ ಬರ್ಬೇಕಿದ್ದ ದಿನ ಸಮುದ್ರ ಸರಿ ಇರಲಿಲ್ಲ, ಬೆಳಿಗ್ಗೆನೇ ಬೋಟ್ ಕ್ಯಾನ್ಸಲ್ ಅಂತ ಮೆಸೇಜ್ ಬಂತು. ಬೋಟಿನವರು ಟಿಕೆಟ್ ದುಡ್ಡು ವಾಪಸ್ ಕೊಟ್ರು. ಹಾಸ್ಟೆಲಿಗೆ ಫೋನ್ ಮಾಡಿದ್ರೆ ದಾದಾ "ಪರವಾಗಿಲ್ಲ ನಾಳೆ ಬನ್ನಿ, ಬೆಡ್ ಇಟ್ಟಿರ್ತೀನಿ" ಅಂದ್ರು, ಆದ್ರೆ ದುಡ್ಡಿನ ವಿಷಯ ಅವರ ಕೈಲಿಲ್ಲ, ಮಾಲೀಕರು ಬೇರೆ ಊರಲ್ಲಿದಾರೆ. ಮಾಲೀಕರ ಕಡೆಯಿಂದ ಬಂದ ಉತ್ತರ ಒಂದೇ ಲೈನು, ಬಾರದ ರಾತ್ರಿ ದುಡ್ಡು ವಾಪಸ್ ಇಲ್ಲ, ಡೇಟ್ ಮುಂದಕ್ಕೆ ಹಾಕೋಕೂ ಆಗಲ್ಲ, ಬುಕಿಂಗ್ ನಿಯಮ. ಕೊನೇಗೆ ಒಂದು ರಾತ್ರಿ ಜಾಸ್ತಿ ಉಳ್ಕೊಳ್ಳೋಣ ಅಂದಾಗ ಅದಕ್ಕೆ ಹೊಸದಾಗಿ ದುಡ್ಡು, ಅದೂ ನೇರವಾಗಿ ಬಂದೋರಿಗೆ ಹಾಕೋ ಜಾಸ್ತಿ ರೇಟಲ್ಲಿ.

ಮೊತ್ತ ದೊಡ್ಡದಲ್ಲ, ಆದ್ರೂ ಇದು ತಪ್ಪು. ಡಿಸೆಂಬರ್ ತನಕ ಹಿಂಗಾರು ಇರತ್ತೆ, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಆದ್ರೆ ಬೋಟ್ ನಿಲ್ಲಿಸ್ತಾರೆ, ನಿಲ್ಲಿಸೋದೇ ಸರಿ. ನಮ್ಮಂಥ ಟೂರಿಸ್ಟ್‌ಗಳಿಗೆ ದ್ವೀಪಕ್ಕೆ ಬರೋಕೆ ಬೋಟ್ ಬಿಟ್ರೆ ಸುಲಭದ ದಾರಿ ಇಲ್ಲ. ಊರಲ್ಲಿ ಬಸ್ ತಪ್ಪಿಸ್ಕೊಂಡು ಲೇಟಾಗಿ ಬಂದೋರಿಗೆ ಹಾಕೋ ನಿಯಮಾನ ಇಲ್ಲಿಗೆ ತಂದು ಹಾಕಿದ್ರೆ ಹೇಗೆ? ಬೋಟ್ ಕಂಪನಿಯ ಕ್ಯಾನ್ಸಲ್ ಮೆಸೇಜ್ ತೋರಿಸಿದ್ರೆ ಅದೇ ಬುಕಿಂಗನ್ನ ಮುಂದಿನ ದಿನಕ್ಕೆ ಹಾಕೊಡ್ಬೇಕು, ಬೋಟ್ ಇಲ್ಲದೆ ದ್ವೀಪದಲ್ಲೇ ಸಿಕ್ಕಾಕ್ಕೊಂಡೋರಿಗೆ ಮೊದಲಿನ ರೇಟಲ್ಲೇ ಬೆಡ್ ಕೊಡ್ಬೇಕು. ಯೋಚನೆ ಮಾಡಿ ನೋಡಿ, ಅವತ್ತು ನಾವು ಬರೋಕಾಗದೆ ಖಾಲಿ ಉಳಿದ ಬೆಡ್ಡು, ಅದೇ ಬೋಟಲ್ಲಿ ಹೋಗೋಕಾಗದೆ ಉಳ್ಕೊಂಡವರಿಗೆ ಮಾರಾಟ ಆಗಿರತ್ತೆ. ಅಂದ್ರೆ ಒಂದೇ ಬೆಡ್ಡಿಗೆ ಎರಡು ಕಡೆ ದುಡ್ಡು. ನೀರಿನ ವಿಷಯದಲ್ಲಿ ದ್ವೀಪದ ಕಷ್ಟಾನ ಅತಿಥಿಗಳ ಜೊತೆ ಹಂಚ್ಕೊಳ್ಳಿ ಅಂತ ಕೇಳೋರು, ನಾವೂ ಸಂತೋಷವಾಗಿ ಹಂಚ್ಕೊಂಡ್ವಿ, ಬೋಟಿನ ವಿಷಯದಲ್ಲಿ ಅತಿಥಿಗಳ ಕಷ್ಟ ಹಂಚ್ಕೊಳ್ಳಲ್ಲ ಅಂದ್ರೆ ನ್ಯಾಯ ಅನ್ಸಲ್ಲ. ಇದನ್ನೇ ಮಾಲೀಕರಿಗೆ ಬರೆದಿದೀನಿ. ದಾದಾ ಮುಂದೆ ಈ ಬಗ್ಗೆ ನಾನು ಜಗಳ ಆಡಲಿಲ್ಲ, ನೀವು ಹೋದ್ರೂ ದಯವಿಟ್ಟು ಅವರ ಮೇಲೆ ಕೂಗಾಡ್ಬೇಡಿ, ಅವರ ಕೈಲಿ ಇದ್ದಿದ್ದೆಲ್ಲ ಅವರು ಮಾಡಿದಾರೆ, ಕೊನೇ ರಾತ್ರಿ ಊಟಕ್ಕೆ ದುಡ್ಡು ತಗೊಳ್ಳಲಿಲ್ಲ.

ಯಾರಿಗೆ ಸರಿ ಹೋಗಲ್ಲ ಅಂತ ಹೇಳ್ಬಿಡ್ತೀನಿ. ಮಂಡಿ ನೋವಿರೋ ದೊಡ್ಡೋರನ್ನ ಕರ್ಕೊಂಡು ಹೋಗೋದಾದ್ರೆ ಡಾರ್ಮ್ ಬೇಡ, ಅದೇ ಹಾಸ್ಟೆಲಲ್ಲಿ ಎರಡು ಪ್ರತ್ಯೇಕ ರೂಮಿವೆ, ಅವನ್ನ ಮುಂಚೇನೇ ಕೇಳಿ. ತೀರಾ ಚಿಕ್ಕ ಮಕ್ಕಳಿಗೂ ಕಷ್ಟ, ಬೀಚಲ್ಲಿ ಮರಳು ನೊಣದ ಕಾಟ ಇದೆ, ಕಚ್ಚಿದ ಜಾಗ ದಿನಗಟ್ಟಲೆ ತುರಿಸತ್ತೆ, ಕೊಬ್ಬರಿ ಎಣ್ಣೆ ಹಚ್ಕೊಂಡು ಹೋಗಿ ಅಂತ ದಾದಾ ಮನೆಯವರೇ ಬಾಟ್ಲಿ ಕೊಡ್ತಾರೆ, ನಮಗಂತೂ ಅದು ಕೆಲಸ ಮಾಡ್ತು. ಪ್ರಾಥಮಿಕ ಆರೋಗ್ಯ ಕೇಂದ್ರ ದ್ವೀಪದಲ್ಲೇ ಇದೆ, ದೊಡ್ಡ ಆಸ್ಪತ್ರೆ ಬೇಕಂದ್ರೆ ಶ್ರೀ ವಿಜಯಪುರಕ್ಕೇ ಹೋಗ್ಬೇಕು, ದಿನಾ ತಗೊಳ್ಳೋ ಮಾತ್ರೆ ನಾಲ್ಕು ದಿನದ್ದು ಜಾಸ್ತಿ ಇಟ್ಕೊಳ್ಳಿ. ಪಾರ್ಟಿ ಮಾಡೋ ಹಾಸ್ಟೆಲ್ ಹುಡುಕ್ತಿರೋರಿಗೂ ಇದಲ್ಲ, ಹತ್ತು ಗಂಟೆಗೆ ಹಾಲಿನ ಲೈಟ್ ಆಫ್.

ಹೋಗೋರು ದಿನದ ಲೆಕ್ಕ ಹೀಗೆ ಹಾಕ್ಕೊಳ್ಳಿ. ಬೆಂಗಳೂರಿಂದ ವಿಮಾನ ಮಧ್ಯಾಹ್ನದ ಮೇಲೆ ಇಳಿದ್ರೆ ಅವತ್ತೇ ನೀಲ್‌ಗೆ ಬೋಟ್ ಸಿಗೋದು ಕಷ್ಟ, ಆ ರಾತ್ರಿ ಶ್ರೀ ವಿಜಯಪುರದಲ್ಲೇ ಇರಿ. ವಾಪಸ್ ಬರುವಾಗ್ಲೂ ವಿಮಾನದ ಹಿಂದಿನ ದಿನವೇ ಬೋಟಲ್ಲಿ ಬಂದ್ಬಿಡಿ, ಅದೇ ದಿನ ಬೆಳಿಗ್ಗೆ ಬೋಟು ಮಧ್ಯಾಹ್ನ ಫ್ಲೈಟು ಅಂತ ಇಟ್ಕೊಂಡ್ರೆ ಗಾಳಿ ಎದ್ದ ದಿನ ಎರಡೂ ಹೋಗತ್ತೆ. ಸ್ಕೂಬಾ ಡೈವಿಂಗ್ ಮಾಡೋ ಯೋಚನೆ ಇದ್ರೆ ಅದನ್ನ ಮೊದಲ ದಿನಗಳಲ್ಲೇ ಮುಗಿಸಿ, ಡೈವ್ ಆದ್ಮೇಲೆ ವಿಮಾನ ಹತ್ತೋದಕ್ಕೆ 18 ಗಂಟೆ ಬಿಡಬೇಕು ಅನ್ನೋದು ಸಾಮಾನ್ಯ ನಿಯಮ, ಹಿಂದಿನ ದಿನವೇ ಬಂದ್ರೆ ಅದೂ ತಾನಾಗೇ ಕೂಡಿಬರತ್ತೆ. ಸರ್ಕಾರಿ ಬೋಟು ಪ್ರೈವೇಟಿಗಿಂತ ತುಂಬಾ ಅಗ್ಗ, ಸ್ವಲ್ಪ ನಿಧಾನ, ಆದ್ರೆ ಹೊರಗೆ ಡೆಕ್ಕಲ್ಲಿ ನಿಲ್ಲೋಕೆ ಬಿಡ್ತಾರೆ, ವಾಂತಿ ಬರೋರಿಗೆ ಮುಚ್ಚಿದ ಎಸಿ ಬೋಟಿಗಿಂತ ಅದೇ ವಾಸಿ. ಮತ್ತೆ ಬುಕ್ ಮಾಡೋಕೆ ಮುಂಚೆ, ಈ ಹಾಸ್ಟೆಲ್ ಅಂತಲ್ಲ ಯಾವುದೇ ಆಗ್ಲಿ, ಒಂದು ಮೆಸೇಜ್ ಹಾಕಿ ಬೋಟ್ ಕ್ಯಾನ್ಸಲ್ ಆದ್ರೆ ಬುಕಿಂಗ್ ಏನು ಮಾಡ್ತೀರಿ ಅಂತ ಕೇಳಿ, ಬಂದ ಉತ್ತರದ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ, ಡಾರ್ಮ್ ಆದ್ರೆ ಕಿಟಕಿ ಪಕ್ಕದ ಕೆಳಗಿನ ಬೆಡ್ಡೇ ಬೇಕು ಅಂತ ಅದರಲ್ಲೇ ಹೇಳ್ಬಿಡಿ.